ಎರಡು ಕ್ಯಾನ್ ಮದ್ದು

ನವೆಂಬರ್ 24, ಆದಿತ್ಯವಾರ

ಹೆಮ್ಮಾಡಿಯ ಚರಿತ್ರೆಯಲ್ಲಿ ದಾಖಲಾಗಬೇಕಾದ ದಿನ. ಬೆಳಿಗ್ಗೆ ಕೊರಿಯರಿನವ ಗೇಟಿನಲ್ಲಿ ನಿಂತು "ಅಮ್ಮಾರ್ ಇದ್ರಾ?" ಎಂದು ಕೂಗಿದ. ಅಡುಗೆಮನೆಯಿಂದ ನನ್ನ ಹೆಂಡತಿ ರಾಜೀವಿ "ಬಂದೆ" ಎಂದು ಹೊರಟಳು. ಮಾಳಿಗೆಯಿಂದ ಅಮ್ಮಾರ್ "ಬಂದೆ" ಎಂದು ಇಳಿದ. ಕೊರಿಯರಿನವ ಅವಳನ್ನೊಮ್ಮೆ ಅವನನ್ನೊಮ್ಮೆ ನೋಡಿ, ಯಾವ ಅಮ್ಮಾರಿಗೆ ಕೊಡುವುದೆಂದು ತಿಳಿಯದೆ, ಪೊಟ್ಟಣವನ್ನು ನನ್ನ ಕೈಗಿಟ್ಟು ಪರಾರಿಯಾದ.

ಒಬ್ಬಳು ಈ ಮನೆಯ ಅಮ್ಮ. ಇನ್ನೊಬ್ಬನ ಹೆಸರೇ ಅಮ್ಮಾರ್. ಸುಡಾನ್ ದೇಶದವ. ನಮ್ಮ ಸರ್ಕಾರದ ಸ್ಕಾಲರ್‌ಶಿಪ್ಪಿನಲ್ಲಿ ಬ್ರಹ್ಮಾವರದ ಕಡೆಯ ಒಂದು ಕಾಲೇಜಿನಲ್ಲಿ ಕೃಷಿ ಓದುತ್ತಾನೆ. ಒಂದೂವರೆ ವರ್ಷದಿಂದ ನಮ್ಮ ಮಾಳಿಗೆಯಲ್ಲಿ ವಾಸ. ಮೊದಲ ದಿನ ನೀರುದೋಸೆ ಕಂಡು ಅವನ ಕಣ್ಣು ತುಂಬಿತ್ತು. ಅವರ ಕಡೆ ಜೋಳದ ಹಿಟ್ಟಿನಲ್ಲಿ ಹೀಗೇ ತೆಳ್ಳಗೆ ಹುಯ್ಯುತ್ತಾರಂತೆ, ಕಿಸ್ರಾ ಅಂತ ಹೆಸರು. ಅಂದಿನಿಂದ ರಾಜೀವಿ ಸುಡಾನ್ ಅಂದರೆ ಬಸ್ರೂರಿನಾಚೆಯ ಯಾವುದೋ ಊರು ಎಂದೇ ಭಾವಿಸಿದ್ದಾಳೆ.

ಅವನ ಕನ್ನಡಕ್ಕೂ ಅವಳೇ ಪಂಡಿತೆ. ಬಂದ ಹೊಸತರಲ್ಲಿ ಗೇಟು ದಾಟುತ್ತಾ "ಅಮ್ಮ, ಹೋತೆ" ಎಂದಿದ್ದ. ರಾಜೀವಿ ಕಾವಲಿಯ ಮೇಲೆ ದೋಸೆ ಬಿಟ್ಟು ಓಡಿದಳು.

"ಹ್ವಾಯ್ ಮಾಣಿ, ಹಾಂಗ್ ಹೇಳುಕಾಗ! ಹೋತೆ ಅಂದ್ರೆ ಇನ್ ಬಪ್ಪುದಿಲ್ಲ ಅಂಬಂಗೆ. ಬತ್ತೆ ಅನ್ಕ್."

"ಆದರೆ ಅಮ್ಮ, ನಾನು ಹೋಗುವುದಲ್ಲವಾ?"

"ಹೋಪುದೇ. ಹೋಪತಿಗೂ ಬತ್ತೆ ಅನ್ಕ್."

ದೋಸೆ ಕರಟಿತು, ವ್ಯಾಕರಣ ಉಳಿಯಿತು. ಅಂದಿನಿಂದ ಪ್ರತಿದಿನ "ಅಮ್ಮ, ಬತ್ತೆ."

ಅವನ ಊರಲ್ಲಿ ಯುದ್ಧ. ಮನೆಯಿದ್ದ ಬೀದಿಯೇ ಈಗ ಇಲ್ಲವಂತೆ. ತಾಯಿ, ತಂಗಿ ಎಲ್ಲೋ ಸಮುದ್ರದ ದಡದ ಊರಿಗೆ ಓಡಿ ಹೋಗಿದ್ದಾರೆ. ಸ್ಕಾಲರ್‌ಶಿಪ್ ಜನವರಿಗೆ ಮುಗಿಯುತ್ತದೆ. ಮುಂದಿನ ಓದಿಗೆ ಮುಂದುವರಿಸಬೇಕಾದರೆ ಅವನ ಪ್ರಯೋಗ ಗೆಲ್ಲಬೇಕು, ನಡತೆಯ ಮೇಲೆ ಒಂದು ಚುಕ್ಕೆಯೂ ಇರಬಾರದು. ಪ್ರಯೋಗ ನಮ್ಮ ಮನೆ ಹಿಂದಿನ ಚಂದಯ್ಯನ ಸೇವಂತಿಗೆ ಗದ್ದೆಯಲ್ಲಿ. ಹೆಮ್ಮಾಡಿ ಸೇವಂತಿಗೆಗೆ ಈ ವರ್ಷ ಕರಿ ಹುಳ ಬಿದ್ದಿದೆ. ಅದಕ್ಕೆ ಅಮ್ಮಾರ್ ಒಂದು ಮದ್ದು ಕಂಡುಹಿಡಿದಿದ್ದಾನೆ. ಸಂಕ್ರಾಂತಿಗೆ ಹೂ ಕೊಯ್ಯುವಾಗ ಮದ್ದು ಬಿಟ್ಟ ಸಾಲು ಗೆದ್ದರೆ ಅವನೂ ಗೆದ್ದ.

"ಪರದೇಶಿಯನ್ನ ಮನೆಯಲ್ಲಿ ಇಟ್ಕಂಡಿದ್ರಿ, ಹೆದ್ರಿಕೆ ಆತಿಲ್ಯಾ ಭೋಜಣ್ಣ?" ಎಂದು ಕೇಳುವವರಿದ್ದಾರೆ. ನಾನು ಮುಂಬೈಯಲ್ಲಿ ದೊಡ್ಡಪ್ಪನ ಹೋಟ್ಲಿನಲ್ಲಿ ಬೆಳೆದವ. ಲುಂಗಿಯವರು ಊರು ಬಿಡಿ ಎಂದು ಆ ಹೋಟ್ಲಿನ ಗಾಜಿಗೆ ಕಲ್ಲು ಬಿದ್ದ ಕತೆ ಕೇಳುತ್ತಲೇ ಲೋಟ ತೊಳೆದವ. ಪರದೇಶಿ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಡಿಸೆಂಬರ್ 1, ಆದಿತ್ಯವಾರ

ಮದ್ದು ತಯಾರಿಯ ಮಹಾಯಾಗ. ಬೇವಿನೆಣ್ಣೆ, ಸೋಪಿನ ನೀರು, ಬೆಳ್ಳುಳ್ಳಿ. ಬೆಳ್ಳುಳ್ಳಿ ಸುಲಿದು ಜಜ್ಜುವ ಕೆಲಸ ಯಜಮಾನನಾದ ನನ್ನ ಪಾಲಿಗೆ ಬಂತು. ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಜಗಲಿಯ ಚಿಟ್ಟೆಯ ಮೇಲೆ ಕೂತು ಸುಲಿದೆ. ಒಂದು ಕಾಲದಲ್ಲಿ ಅಂಧೇರಿಯಲ್ಲಿ ಹತ್ತು ಜನ ಸಪ್ಲಾಯರುಗಳನ್ನು ಕುಣಿಸಿದ ಕೈ. ಈಗ ಕೈ ಮೂಸಿದರೆ ಸ್ವತಃ ಹುಳವೇ ಓಡಬೇಕು.

ಸಂಜೆ ಅಮ್ಮಾರ್ ಮುಖಕ್ಕೆ ಬೈರಾಸು ಸುತ್ತಿ, ಬೆನ್ನಿಗೆ ಪಂಪು ಕಟ್ಟಿ, ಕೈಯಲ್ಲಿ ನಳಿಗೆ ಹಿಡಿದು ಗದ್ದೆಗಿಳಿದ.

"ಭೋಜಣ್ಣ, ಈ ಮದ್ದಂಗೆ ಹುಳ ಸಾಯ್ದಿದ್ರೆ?" ಎಂದ ಚಂದಯ್ಯ.

"ಇವ ಹುಳಕ್ಕೆ ಅರಬ್ಬಿ ಪಾಠ ಮಾಡ್ತ. ಬೇಜಾರ್ ಬಂದು ಅದೇ ಊರ್ ಬಿಡ್ತ್."

ಅಮ್ಮಾರ್ ಬೈರಾಸಿನೊಳಗಿಂದಲೇ ನಕ್ಕ. ನಾನೊಂದು ಫೋಟೋ ತೆಗೆದೆ. ಬಹಳ ಚೆಂದ ಬಂತು. ಅವನಿಗೂ ಕಳಿಸಿದೆ. ಸುಮ್ಮನಿರಲಾರದೆ ನಮ್ಮ 'ಹೆಮ್ಮಾಡಿ ನೆರೆಕರೆ' ವಾಟ್ಸಾಪ್ ಗುಂಪಿಗೂ ಹಾಕಿ, ಕೆಳಗೆ ಬರೆದೆ:

"ಊರ ಸಮಸ್ತರಿಗೆ ಎಚ್ಚರಿಕೆ! ಹೆಮ್ಮಾಡಿಯ ಒಂದು ಮಾಳಿಗೆಯಲ್ಲಿ ಒಬ್ಬ ಪರದೇಶಿ ಹಾಗೂ ಎರಡು ಕ್ಯಾನ್ ಮದ್ದು ಪತ್ತೆಯಾಗಿದೆ. ಸಂಕ್ರಾಂತಿಯೊಳಗೆ ಇಲ್ಲಿ ಒಂದು ಹುಳವನ್ನೂ ಉಳಿಸುವುದಿಲ್ಲ ಎಂದು ಆತ ಶಪಥ ಮಾಡಿದ್ದಾನೆ."

ಗುಂಪಿನಲ್ಲಿ ನಗುವ ಮುಖಗಳ ಜಾತ್ರೆ. ಗುಂಪಿನ ಅಡ್ಮಿನ್, ಮೊಬೈಲ್ ಅಂಗಡಿಯ ಸುಧೀರ ಕೂಡ "ಭೋಜಣ್ಣಂಗೆ ಭೋಜಣ್ಣನೇ ಸಾಟಿ" ಎಂದು ಬರೆದ. ಅವನು ಸುಲಭಕ್ಕೆ ನಗುವವನಲ್ಲ. ತೃಪ್ತಿಯಾಯಿತು. ಎರಡು ಸಲ ತೆಗೆದು ಓದಿಕೊಂಡೆ.

ಡಿಸೆಂಬರ್ 5, ಗುರುವಾರ

ನನ್ನ ಜೋಕಿಗೆ ಪಾಸ್‌ಪೋರ್ಟ್ ಸಿಕ್ಕಿದೆ. ಪುಣೆಯ ಭಾವ ಅದೇ ಫೋಟೋ, ಅದೇ ಮಾತು ನನಗೇ ಕಳಿಸಿ "ಇದ್ ನಿಮ್ ಹೆಮ್ಮಾಡಿಯಂಗಾ? ಜಾಗ್ರತೆ ಮಾರಾಯ್ರೆ" ಎಂದಿದ್ದಾರೆ. ಕೆಳಗೆ ನನ್ನ ಹೆಸರಿಲ್ಲ. ಲೇಖಕನಿಗೆ ಸಲ್ಲಬೇಕಾದ ಗೌರವ ಸಲ್ಲಲಿಲ್ಲ ಎಂದು ಕೊಂಚ ಬೇಸರವಾಯಿತು.

ಸಂಜೆಯ ಟೀವಿಯಲ್ಲಿ ಬೆಂಗಳೂರಿನ ಒಬ್ಬಾಕೆ ಅದನ್ನೇ ಗಂಟಲು ಹರಿದುಕೊಂಡು ಓದುತ್ತಿದ್ದಳು. ನಮ್ಮ ಕಡೆ ತಲೆನೋವಿಗೂ ಮದ್ದು, ತೆಂಗಿಗೂ ಮದ್ದು, ಬಸುರಿಗೂ ಬಾಣಂತಿಗೂ ಮದ್ದು. ಬೆಂಗಳೂರಿನವರಿಗೆ ಮದ್ದು ಅಂದರೆ ಪಕ್ಕದಲ್ಲಿ ಗುಂಡು ಇರಲೇಬೇಕು. ನಾನು ಬರೀ ಮದ್ದು ಕೊಟ್ಟಿದ್ದೆ, ಗುಂಡು ಅವರೇ ಸೇರಿಸಿದರು. ಪರದೆಯ ಮೇಲೆ ಕೆಂಪಕ್ಷರ: "ಕರಾವಳಿಯಲ್ಲಿ ವಿದೇಶಿ ವಿದ್ಯಾರ್ಥಿ ಬಳಿ ಮದ್ದುಗುಂಡು?" ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಕೋರ್ಟಿಗೆ ಹೋಗದಿರಲು. ಹುಳ ಅಂದರೆ ನಾವೇ ಎಂದು ಒಬ್ಬ ತಜ್ಞರು ವಿವರಿಸಿದರು.

ನಾನು ಹೊಟ್ಟೆ ಹಿಡಿದು ನಕ್ಕೆ. ರಾಜೀವಿ ನಗಲಿಲ್ಲ. "ನೀವ್ ಬರ್ದದ್ ಅಂತ ಒಂದ್ ಫೋನ್ ಮಾಡಿ ಹೇಳಿ" ಎಂದಳು. ಟೀವಿಯವರ ನಂಬರು ಎಲ್ಲಿ ಸಿಗುತ್ತದೆ? ನಾಳೆ ಕಾಂಬ ಎಂದೆ.

ಡಿಸೆಂಬರ್ 7, ಶನಿವಾರ

ಸುಧೀರ ಬಂದಿದ್ದ. ಚಾ ಬೇಡ ಎಂದ. ಸುಧೀರ ಚಾ ಬೇಡ ಎಂದರೆ ವಿಷಯ ಘನವಾದದ್ದು.

"ಭೋಜಣ್ಣ, ಗ್ರೂಪಂಗೆ ನೀವ್ ಹಾಕಿದ್ದನ್ನ ನಾನ್ ತೆಗ್ದೆ."

"ನಾನೇ ತೆಗೀಬೇಕು ಅಂತಿದ್ದೆ."

"ನಿಮ್ಮತ್ರ ಆತಿಲ್ಲೆ, ಟೈಮ್ ಕಳ್ದ್ ಹೋಯ್ತ್. ಅಡ್ಮಿನ್ ಮಾತ್ರ ತೆಗೂಕಾತ್. ಇನ್ ಎಲ್ಲೂ ನಿಮ್ ಹೆಸ್ರ್ ಬಪ್ಪುದಿಲ್ಲ. ನಮ್ಮವರ್ ಯಾರೂ ಬಾಯಿ ಬಿಡ್ತಿಲ್ರ್."

"ಬಾಯಿ ಬಿಡುವಂಥದ್ದು ಏನಿದೆ ಮಾರಾಯ? ಅದು ಜೋಕು."

"ನಂಗೆ ಗೊತ್ತಿತ್ತ್. ಪೊಲೀಸ್ರಿಗ್ ಗೊತ್ತಿತ್ತಾ? ಸುಳ್ಳ್ ಸುದ್ದಿ ಹಬ್ಬಿಸಿದವ್ರ್ ಮೇಲೆ ಕೇಸ್ ಮಾಡ್ತ್ರ್ ಅಂಬ್ರ್. ಈ ವಯಸ್ಸಂಗೆ ನಿಮ್ಗ್ ಬೇಕಾ? ಮತ್ತೆ ಒಂದ್ ಮಾತ್. ಅಂವ ಒಳ್ಳೆಯವ್ನೇ ಇರ್ಲಿ. ನಾಳೆ ಬಪ್ಪುವವ? ಸಮುದ್ರದ್ ಬದಿಯವ್ರ್ ನಾವ್. ಕೇಳುದ್ ತಪ್ಪಾ?"

ತಪ್ಪಲ್ಲ. ಸಮುದ್ರದಿಂದ ಬಂದವರು ಮುಂಬೈಯಲ್ಲಿ ಏನು ಮಾಡಿದರೆಂದು ಕಂಡವ ನಾನು. ಆ ಮೂರು ದಿನ ಷಟರು ಎಳೆದು ಒಳಗೆ ಕೂತಿದ್ದೆ. ಹೆದರಿಕೆ ಸುಳ್ಳು ಎಂದು ಹೇಗೆ ಹೇಳಲಿ?

ಸುಧೀರ ಒಳ್ಳೆಯ ಹುಡುಗ. ಹಿರಿಯರೆಂದರೆ ಎಷ್ಟು ಕಾಳಜಿ!

ಡಿಸೆಂಬರ್ 10, ಮಂಗಳವಾರ

ಪೊಲೀಸರು ಬಂದರು. ಎಸ್ಸೈ ಘಟ್ಟದ ಮೇಲಿನವರು, ಹೊಸಬರು, ಬಹಳ ಸಭ್ಯಸ್ಥರು. ಶೂ ಬಿಚ್ಚಿ ಒಳಗೆ ಬಂದರು. ಕ್ಯಾನಿನ ಮುಚ್ಚಳ ತೆಗೆದು ಮೂಸಿ ಕೆಮ್ಮಿದರು. "ಇದೇನ್ರೀ ಒಗ್ಗರಣೆ ವಾಸನೆ?" ಅಮ್ಮಾರ್ ಬೇವು, ಸೋಪು, ಬೆಳ್ಳುಳ್ಳಿ ಎಂದು ವಿವರಿಸಿದ. ಅವರು ತಲೆಯಾಡಿಸಿ, ಆದರೂ ಲ್ಯಾಬಿಗೆ ಕಳಿಸಬೇಕು ಎಂದು ಎರಡೂ ಕ್ಯಾನು ಜೀಪಿಗೇರಿಸಿದರು. ದಿನಾ ಬೆಳಿಗ್ಗೆ ಕುಂದಾಪುರದ ಸ್ಟೇಷನ್ನಿಗೆ ಬಂದು ಸಹಿ ಹಾಕಬೇಕು ಎಂದು ಅಮ್ಮಾರನಿಗೆ ಹೇಳಿದರು.

ಹೊರಡುವಾಗ ನನ್ನತ್ತ ತಿರುಗಿದರು. "ಯಜಮಾನ್ರೆ, ಈ ಮೆಸೇಜು ಯಾರು ಬರೆದದ್ದು ಅಂತ ತಿಳಿದರೆ ಅರ್ಧ ಕೆಲಸ ಮುಗೀತು. ತಮಾಷೆಗೆ ಬರೆದಿದ್ದರೂ ಅವರೇ ಬಂದು ಹೇಳಲಿ, ಈ ಹುಡುಗನ ಮೇಲೆ ಏನೂ ಉಳಿಯೋದಿಲ್ಲ. ನಿಮಗೇನಾದರೂ ಗೊತ್ತೇನ್ರಿ?"

ರಾಜೀವಿ ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು. ಅಮ್ಮಾರ್ ನೆಲ ನೋಡುತ್ತಿದ್ದ.

ನಾನು ಅವರಿಗೆ ಚಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದೆ.

ಡಿಸೆಂಬರ್ 11, ಬುಧವಾರ

ಸೆಖೆ. ಬಂಗುಡೆ ಸಿಗಲಿಲ್ಲ.

ಡಿಸೆಂಬರ್ 15, ಆದಿತ್ಯವಾರ

ಬೈಂದೂರಿನಲ್ಲಿ ಸಭೆ. 'ಕರಾವಳಿ ಎಷ್ಟು ಸುರಕ್ಷಿತ?' ಸುಧೀರ ಕಾರಿನಲ್ಲಿ ಕರೆದೊಯ್ದ. ಹುಡುಗನಿಗೆ ಮನೆ ಕೊಟ್ಟವರು ಎರಡು ಮಾತಾಡಬೇಕು ಎಂದು ಸಭೆಯವರು ಹೇಳಿದ್ದರು. ಹೊರಡುವಾಗ ರಾಜೀವಿ "ಅಲ್ಲಾದ್ರೂ ಹೇಳಿ ಬನಿ" ಎಂದಿದ್ದಳು. ಹೇಳುತ್ತೇನೆ ಎಂದಿದ್ದೆ. ನಿಜವಾಗಿಯೂ ಹೇಳುವವನಿದ್ದೆ.

ಸಭೆಯ ಹಾಲ್ ತುಂಬಿತ್ತು. ಬೀಜಾಡಿಯ ಒಬ್ಬ ತಾಯಿ ಎದ್ದು ನಿಂತಳು. "ನನ್ ಮಗ್ಳಿಗೆ ತೊಂಬತ್ತರ್ ಮೇಲೆ ಮಾರ್ಕ್ ಇತ್ತ್. ಸೀಟ್ ಸಿಕ್ಲಿಲ್ಲೆ. ಎಲ್ಲಿಂದ್ಲೋ ಬಂದವ್ರಿಗೆ ಓದೂ ಪುಕ್ಕಟೆ, ಊಟವೂ ಪುಕ್ಕಟೆ. ಇದ್ ಹ್ಯಾಂಗೆ?" ಕೂಗಲಿಲ್ಲ, ಸುಮ್ಮನೆ ಕೇಳಿದಳು. ಅವರ ಸೀಟು ಬೇರೆ, ನಮ್ಮ ಮಕ್ಕಳ ಸೀಟು ಬೇರೆ, ಒಂದಕ್ಕೊಂದು ಸಂಬಂಧವಿಲ್ಲ ಎಂದು ಒಬ್ಬ ಮೇಷ್ಟರು ಶುರು ಮಾಡಿದರು. ಆಕೆ ಅಷ್ಟರಲ್ಲಿ ಕಣ್ಣೊರೆಸಿಕೊಂಡಳು. ಮೇಷ್ಟರ ಕೈಯಿಂದ ಮೈಕು ಬೇರೆಯವರಿಗೆ ಹೋಯಿತು.

ನನ್ನ ಹೆಸರು ಕೂಗಿದಾಗಲೇ ಜನ ನಗಲು ಸಿದ್ಧರಾಗಿ ಕೂತರು. ಮೈಕಿನ ಮುಂದೆ ನಿಂತವನಿಗೆ ಗೊತ್ತು, ನಗಲು ಬಾಯಿ ತೆರೆದವರ ಮುಂದೆ ಗಂಭೀರ ಮಾತು ಎತ್ತುವುದು ಎಷ್ಟು ಅಸಭ್ಯ ಎಂದು. ಒಂದು ಹದಕ್ಕೆ ಬರಲಿ, ಆಮೇಲೆ ಹೇಳೋಣ ಎಂದು ಮೊದಲು ಕೊರಿಯರಿನ ಕತೆ ಹೇಳಿದೆ. ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ನೀರುದೋಸೆಯದು ಹೇಳಿದೆ. ದೋಸೆ ಕಂಡು ಅತ್ತವನ ಮುಖ ಮಾಡಿ ತೋರಿಸಿದೆ. ಬೀಜಾಡಿಯ ತಾಯಿಯೂ ನಕ್ಕಳು.

ಹಿಂದಿನಿಂದ ಯಾರೋ ಕೂಗಿದರು. "ಹ್ವಾಯ್ ಭೋಜಣ್ಣ, ಮದ್ದಿನ್ ಕತೆ ಹೇಳಿ!"

ಇದೇ ಸಮಯ ಎಂದುಕೊಂಡೆ. ಬಾಯಿಯೂ ತೆರೆದೆ. ಮುಂದಿನ ಸಾಲಿನಲ್ಲಿ ಸುಧೀರ ಮೊಬೈಲು ಎತ್ತಿ ಹಿಡಿದಿದ್ದ.

"ಮದ್ದು ಇದ್ದದ್ದು ಹೌದು. ಆದರೆ ನಾನೇನೂ ಅದನ್ನು ಮೂಸಿ ನೋಡಿದವನಲ್ಲ" ಎಂದೆ.

ಅಷ್ಟೇ ಹೇಳಿದ್ದು. ನಗು ಬರುತ್ತದೆ ಎಂದುಕೊಂಡಿದ್ದೆ. ಚಪ್ಪಾಳೆ ಬಂತು. ಬಹಳ ಹೊತ್ತು ಬಂತು.

ಮನೆಗೆ ತಲುಪುವಷ್ಟರಲ್ಲಿ ವಿಡಿಯೋ ನನಗಿಂತ ಮೊದಲೇ ತಲುಪಿತ್ತು. ರಾಜೀವಿ ಊಟ ಬಡಿಸಿ, ಎದುರು ನಿಂತು ಒಂದೇ ಮಾತು ಕೇಳಿದಳು.

"ಮೂಸಿ ಕಂಡಿಲ್ಲೆ ಅಂದ್ರಿ ಅಲ್ದಾ? ಆ ಬೆಳ್ಳುಳ್ಳಿ ಸುಲ್ದ್ ಜಜ್ಜದ್ ಯಾರ್?"

ಇದನ್ನು ಬರೆಯುವಾಗ ಕೈ ಮೂಸಿ ನೋಡಿದೆ. ಏನೂ ವಾಸನೆಯಿಲ್ಲ.

ಡಿಸೆಂಬರ್ 20, ಶುಕ್ರವಾರ

ಲ್ಯಾಬಿನಿಂದ ವರದಿ ಬಂತಂತೆ. ಬೇವಿನೆಣ್ಣೆ, ಸೋಪು, ಬೆಳ್ಳುಳ್ಳಿ. ಟೀವಿಯಲ್ಲಿ ಅದು ಬರಲಿಲ್ಲ. ಪರವಾಗಿಲ್ಲ, ಅಡುಗೆ ಕಾರ್ಯಕ್ರಮದಲ್ಲಿ ಬರಬಹುದು.

ಅಲ್ಲಿಗೆ ಎಲ್ಲ ಮುಗಿಯಿತು ಎಂದು ನಿರಾಳವಾಗಿದ್ದೆ. ಸಂಜೆ ಹುಡುಗ ಕೆಳಗಿಳಿದು ಬಂದ. ಸ್ವಲ್ಪ ಸೊರಗಿ ಹೋಗಿದ್ದಾನೆ. ಪೊಲೀಸರದು ಮುಗಿದರೂ ಕಾಲೇಜಿನದು ಮುಗಿದಿಲ್ಲವಂತೆ. ಮನೆಯ ಯಜಮಾನರೇ ತುಂಬಿದ ಸಭೆಯಲ್ಲಿ ಅನುಮಾನದ ಮಾತಾಡಿದ್ದಾರೆ, ಆದ್ದರಿಂದ ಅವರೇ ಬರೆದುಕೊಡಲಿ ಎಂದಿದ್ದಾರೆ: ಹುಡುಗನ ನಡತೆ ಒಳ್ಳೆಯದು, ಆ ಮೆಸೇಜು ತಮಾಷೆಯದು, ಮನೆಯಲ್ಲಿ ಮುಂದೆಯೂ ಇರಬಹುದು. ಜನವರಿ ಹತ್ತರೊಳಗೆ. ಇಲ್ಲದಿದ್ದರೆ ಸ್ಕಾಲರ್‌ಶಿಪ್ ಮುಂದುವರಿಯುವುದಿಲ್ಲ. ಸ್ಕಾಲರ್‌ಶಿಪ್ ಇಲ್ಲದಿದ್ದರೆ ವೀಸಾ ಇಲ್ಲ.

"ನಾಲ್ಕು ಸಾಲು ಸಾಕು, ಭೋಜಣ್ಣ."

ನಾಲ್ಕು ಸಾಲೇ. ಆದರೆ ಧನುರ್ಮಾಸ ಶುರುವಾಗಿದೆಯಲ್ಲ! ನಮ್ಮಲ್ಲಿ ಈ ತಿಂಗಳು ಹೊಸತೊಂದಕ್ಕೂ ಕೈ ಹಾಕುವ ಕ್ರಮವಿಲ್ಲ. ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ, ಸಹಿಯಂತೂ ಇಲ್ಲವೇ ಇಲ್ಲ. ಸಂಕ್ರಾಂತಿ ಕಳೆಯಲಿ, ಶುಭದಿನ ನೋಡಿ ದುಂಡಗೆ ಬರೆದುಕೊಡುತ್ತೇನೆ ಎಂದೆ.

"ಸಂಕ್ರಾಂತಿ ಹದಿನಾಲ್ಕಕ್ಕೆ" ಎಂದ.

ಅವನು ನಮ್ಮ ಪಂಚಾಂಗವನ್ನು ಇಷ್ಟು ತಿಳಿದುಕೊಂಡಿದ್ದು ಸಂತೋಷದ ವಿಷಯ.

"ಮೊನ್ನೆ ಹಾಲಿನ್ ಸೊಸೈಟಿ ಪೇಪರಿಗೆ ಸಹಿ ಹಾಕಿದ್ರಿ" ಎಂದಳು ರಾಜೀವಿ, ಒಳಗಿಂದ. ಹಾಲಿನ ವಿಷಯ ಬೇರೆ.

ಡಿಸೆಂಬರ್ 24, ಮಂಗಳವಾರ

ಮಾಳಿಗೆಯ ಮೆಟ್ಟಿಲಿನ ಬುಡಕ್ಕೆ ಒಂದು ಕಬ್ಬಿಣದ ಗೇಟು ಹಾಕಿಸಿ ಬೀಗ ಇಟ್ಟೆ. ಬೆಕ್ಕಿನ ಕಾಟ. ಮಾಳಿಗೆಯವನಿಗೆ ಹಿಂದಿನ ಮೆಟ್ಟಿಲು ಇದ್ದೇ ಇದೆ, ತೊಂದರೆಯೇನಿಲ್ಲ. ಅಡುಗೆಮನೆಗೆ ಬರಬೇಕಾದರೆ ಸುತ್ತಿಕೊಂಡು ಬರಬೇಕು, ಅಷ್ಟೇ. ನಡೆದರೆ ಆರೋಗ್ಯಕ್ಕೂ ಒಳ್ಳೆಯದು.

ರಾಜೀವಿ ದೋಸೆಯ ತಟ್ಟೆ ಹಿಡಿದು ಮನೆ ಸುತ್ತಿ ಹೋಗುತ್ತಿದ್ದಾಳೆ. ಅವಳಿಗೆ ಮಂಡಿನೋವು, ಹೇಳಿದರೆ ಕೇಳುವುದಿಲ್ಲ. ಬೀಗದ ಕೈ ಕೇಳಬಹುದಿತ್ತು. ಕೇಳಲಿಲ್ಲ.

ಡಿಸೆಂಬರ್ 28, ಶನಿವಾರ

ಮಾಳಿಗೆಯ ಕಿಟಕಿಯ ಗಾಜು ಒಡೆದಿದೆ. ಬಾಡಿಗೆಯವ ಕಾಲೇಜಿಗೆ ಹೋಗಿದ್ದಾಗ ಆದದ್ದು. ಪರಿಶೀಲಿಸಿದೆ. ತೆಂಗಿನಕಾಯಿ ಬಿದ್ದು ಒಡೆದದ್ದು ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ಆ ಬದಿ ತೆಂಗಿನ ಮರವೇ ಇಲ್ಲ ಎನ್ನುತ್ತಾಳೆ ರಾಜೀವಿ. ಗಾಳಿಗೆ ಎಲ್ಲಿಂದಲಾದರೂ ಬರಬಹುದು. ದೊಡ್ಡಪ್ಪನ ಹೋಟ್ಲಿನ ಗಾಜು ಒಡೆದದ್ದು ಕಲ್ಲಿನಿಂದ. ಅದು ಬೇರೆ ಕಾಲ, ಬೇರೆ ಊರು.

ಒಡೆದ ಕಡೆ ರಟ್ಟು ಹೊಡೆಸಿದೆ. ಸುಧೀರ ಬಂದು ನೋಡಿ, ನಿಮ್ಮ ಕೋಣೆಯ ಗಾಜು ಗಟ್ಟಿಯಿದೆಯಲ್ಲ ಎಂದು ವಿಚಾರಿಸಿದ.

ಜನವರಿ 2, ಗುರುವಾರ

ಚಂದಯ್ಯ ಬಾಡಿಗೆಯವನಿಗೆ ಗದ್ದೆಗೆ ಬರಬೇಡ ಎಂದಿದ್ದಾನಂತೆ. ನನ್ನೊಡನೆ ಬೇಲಿಯಾಚೆಯಿಂದ ಮಾತಾಡಿದ.

"ಎಂತ ಮಾಡುದ್ ಭೋಜಣ್ಣ? ಅಂವ ಮುಟ್ಟಿದ್ ಹೂ ಮಾರಣಕಟ್ಟೆ ದೇವಸ್ಥಾನಕ್ಕೆ ಕೊಂಡ್ ಹೋಪುಕಾಗ ಅಂಬ್ರ್. ನಂಗೆ ಹೂ ಮಾರುದ್ ಬ್ಯಾಡ್ದಾ?"

"ಹೌದಪ್ಪ."

"ನೀವ್ ಒಂದ್ ಮಾತ್ ಹೇಳಿದ್ರೆ ಜನ ಕೇಳ್ತ್ರ್."

ಎಲ್ಲರಿಗೂ ನನ್ನದೇ ಒಂದು ಮಾತು ಬೇಕು. ನನ್ನ ಮಾತಿಗೆ ಈ ಊರಲ್ಲಿ ಇಷ್ಟು ಬೆಲೆಯಿದೆ ಎಂದು ಗೊತ್ತಿರಲಿಲ್ಲ.

ಜನವರಿ 6, ಸೋಮವಾರ

ಆತ ಬಂದು ಚಿಟ್ಟೆಯ ಕೆಳಗೆ ನಿಂತ. ಮೊದಲಾದರೆ ಮೇಲೆ ಬಂದು ಕೂರುತ್ತಿದ್ದ. ಕೂತ್ಕೋ ಎಂದು ಹೇಳಬೇಕೆನ್ನುವಷ್ಟರಲ್ಲಿ ಸುಧೀರನ ಬೈಕು ಗೇಟಿನ ಮುಂದೆ ನಿಧಾನವಾಯಿತು. ಹೇಳಲಿಲ್ಲ.

"ಭೋಜಣ್ಣ, ನೀವು ತೆಗೆದ ಆ ಫೋಟೋ ನನ್ನ ಅಮ್ಮನ ಫೋನಿನಲ್ಲಿದೆ. ನಾನು ಕೆಲಸ ಮಾಡುವುದು ಅವಳು ನೋಡಿದ್ದು ಅದೊಂದೇ. ಎಲ್ಲರಿಗೂ ತೋರಿಸುತ್ತಾಳೆ."

"ಒಳ್ಳೆಯದಾಯಿತು."

"ಅದರ ಕೆಳಗಿನ ಮಾತು ಯಾರದು ಅಂತ ಸ್ಟೇಷನ್ನಿನಲ್ಲಿ ನನ್ನನ್ನು ದಿನಾ ಕೇಳಿದರು. ನಾನು ಗೊತ್ತಿಲ್ಲೆ ಅಂದೆ." ತಲೆಯೆತ್ತಿ ನನ್ನ ಮುಖ ನೋಡಿದ. "ನೀವೇ ಹೇಳ್ತ್ರಿ ಅಂತ."

ಅವನ ಕನ್ನಡ ಎಷ್ಟು ಸುಧಾರಿಸಿದೆ! ಬಿಸಿಲು ಜೋರಿತ್ತು. ನನಗೆ ತಲೆ ತಿರುಗಿದ ಹಾಗಾಯಿತು. ಹತ್ತನೇ ತಾರೀಕು ಬೆಳಿಗ್ಗೆ ನೋಡೋಣ ಎಂದು ಒಳಗೆ ಬಂದೆ.

ಜನವರಿ 10, ಶುಕ್ರವಾರ

ಕೊಲ್ಲೂರಿಗೆ ಹೋಗಿ ಬಂದೆ. ಸುಧೀರ ಮುಂಜಾನೆಯೇ ಜೀಪು ತಂದು, ಸೀಟು ಖಾಲಿ ಇದೆ ಎಂದ. ಬಹಳ ದಿನದ ಹರಕೆ. ದೇವಿಯ ಕರೆ ಬಂದಾಗ ಇಲ್ಲ ಎನ್ನಲಾದೀತೇ? ಮೊಬೈಲು ಮನೆಯಲ್ಲೇ ಮರೆತೆ.

ದರ್ಶನ ಚೆನ್ನಾಗಿ ಆಯಿತು. ಸಾಲಿನಲ್ಲಿ ನಿಂತವರು "ಅಮ್ಮಾ, ಅಮ್ಮಾ" ಎಂದು ಕೂಗುವಾಗ ಒಮ್ಮೆ ಸುಮ್ಮನೆ ಹಿಂತಿರುಗಿ ನೋಡಿದೆ.

ಸಂಜೆ ಬಂದರೆ ಮನಸ್ಸಿಗೆ ಸಮಾಧಾನವಿಲ್ಲದ ಹಾಗೆ ರಾಜೀವಿ ಜಗಲಿಯಲ್ಲಿ ಕೂತಿದ್ದಳು. ಕಾಲಿನಲ್ಲಿ ಧೂಳು. ತಾನೇ ನಾಲ್ಕು ಸಾಲು ಬರೆದು, ಬಸ್ಸು ಹತ್ತಿ ಬ್ರಹ್ಮಾವರದ ಕಾಲೇಜಿಗೆ ಹೋಗಿದ್ದಳಂತೆ. ಮದುವೆಯಾದ ಮೇಲೆ ಒಬ್ಬಳೇ ಅಷ್ಟು ದೂರ ಹೋದದ್ದು ಇದೇ ಮೊದಲು. ಮನೆ ಯಜಮಾನರ ಹೆಸರಿನಲ್ಲಿದೆ, ಸಭೆಯಲ್ಲಿ ಮಾತಾಡಿದ್ದೂ ಯಜಮಾನರು, ಅವರದ್ದೇ ಸಹಿ ಬೇಕು ಎಂದು ಅಲ್ಲಿಯವರು ವಾಪಸು ಕಳಿಸಿದರಂತೆ.

"ಎಷ್ಟ್ ಸಲ ಫೋನ್ ಮಾಡ್ದೆ ಗೊತ್ತಿತ್ತಾ? ಆ ಮ್ಯಾಜಿನ್ ಮೇಲೆ ರಿಂಗ್ ಆತಿತ್ತ್ ಕಾಣಿ, ಮಾಣಿ ಕಿಟಕಿಯಂಗ್ ನಿಂತ್ಕಂಡ್ ಕೇಳ್ತಾ ಇದ್ದ ಅಂಬ್ರ್."

ಪ್ರಸಾದ ಕೊಟ್ಟೆ. ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟಳು. ತಿನ್ನಲಿಲ್ಲ.

ಜನವರಿ 13, ಸೋಮವಾರ

ಆತ ಇಂದು ಹೋದ. ಬೈಂದೂರಿನಿಂದ ರೈಲು, ದೆಹಲಿಗೆ. ಅಲ್ಲಿಂದ ವಿಮಾನ ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಪರರ ಸ್ವಂತ ವಿಚಾರ. ರಾಜೀವಿ ದೋಸೆ ಕಟ್ಟಿಕೊಟ್ಟಳು. ಎಷ್ಟು ಕಟ್ಟಿದಳೆಂದರೆ ದೆಹಲಿಯವರಿಗೂ ಸಾಕಾಗುತ್ತಿತ್ತು. ನೀರುದೋಸೆ ಮರುದಿನಕ್ಕೆ ಉಳಿಯುವ ವಸ್ತುವಲ್ಲ ಎಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಮೆಟ್ಟಿಲ ಗೇಟಿನ ಬೀಗ ತೆಗೆದುಕೊಟ್ಟೆ, ಸೂಟ್‌ಕೇಸು ಇಳಿಸಲು ಸುಲಭವಾಗಲಿ ಎಂದು. ಥ್ಯಾಂಕ್ಸ್ ಎಂದ. ನನ್ನ ಕೈ ಹಿಡಿದು ಕುಲುಕಿದ. ಅವನ ಕೈ ತಣ್ಣಗಿತ್ತು. ಏನಾದರೂ ತಮಾಷೆಯ ಮಾತು ಆಡೋಣ ಎಂದು ಬಹಳ ಹುಡುಕಿದೆ.

ರಾಜೀವಿ ಗೇಟಿನವರೆಗೆ ಹೋದಳು. ಆತ ಬಗ್ಗಿ ಅವಳ ಕಾಲು ಮುಟ್ಟಿದ. ಎದ್ದು, "ಅಮ್ಮ, ಹೋತೆ" ಎಂದ.

ಒಂದೂವರೆ ವರ್ಷ ಕಲಿಸಿದ್ದು ಕೊನೆಗೂ ತಲೆಗೆ ಹತ್ತಲಿಲ್ಲ, ನೋಡಿ. ತಿದ್ದುತ್ತಾಳೆ ಎಂದು ನಾನು ಕಾದೆ. ರಾಜೀವಿ ತಿದ್ದಲಿಲ್ಲ. ಸುಮ್ಮನೆ ತಲೆಯಾಡಿಸಿದಳು.

ಜನವರಿ 14, ಮಂಗಳವಾರ. ಸಂಕ್ರಾಂತಿ

ಶೂನ್ಯಮಾಸ ಕಳೆಯಿತು. ಬೆಳಿಗ್ಗೆ ಮಿಂದು, ಒಳ್ಳೆಯ ಪೆನ್ನು ಹುಡುಕಿ, ನಾಲ್ಕು ಸಾಲು ದುಂಡಗೆ ಬರೆದು ಸಹಿ ಹಾಕಿದೆ. ಕೊಟ್ಟ ಮಾತಿಗೆ ತಪ್ಪುವವ ನಾನಲ್ಲ. ಯಾರಿಗೆ ಕೊಡಬೇಕೆಂದು ತಿಳಿಯದೆ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದೇನೆ.

ಚಂದಯ್ಯನ ಗದ್ದೆಯಲ್ಲಿ ಮದ್ದು ಬಿಟ್ಟ ಸಾಲುಗಳು ಹಳದಿ ಹೊದ್ದು ನಿಂತಿವೆ. ಬಿಡದ ಸಾಲು ಕರ್ರಗೆ ಮುರುಟಿದೆ. ಕೊಯ್ದದ್ದೆಲ್ಲ ಮಾರಣಕಟ್ಟೆಗೆ ಹೋಯಿತಂತೆ. ಯಾರು ಮುಟ್ಟಿದ ಹೂ ಎಂದು ಯಾರೂ ಕೇಳಲಿಲ್ಲವಂತೆ. ಚಂದಯ್ಯ ಒಂದು ಮೊಳ ತಂದು ರಾಜೀವಿಗೆ ಕೊಟ್ಟ. ಅವಳು ಮುಡಿಯಲಿಲ್ಲ. ಮಾಳಿಗೆಯ ರಟ್ಟು ಬಡಿದ ಕಿಟಕಿಯ ಮೇಲೆ ಇಟ್ಟು ಬಂದಳು.

ಗುಂಪಿನಲ್ಲಿ ಸುಧೀರ ಎಲ್ಲರಿಗೂ ಎಳ್ಳುಬೆಲ್ಲದ ಚಿತ್ರ ಹಾಕಿ, "ಭೋಜಣ್ಣ, ಎಂತಾದ್ರೂ ಒಂದ್ ಜೋಕ್ ಹಾಕಿ, ಗ್ರೂಪ್ ತಣ್ಣಗಾಯ್ತ್" ಎಂದು ಬರೆದಿದ್ದಾನೆ. ಯೋಚಿಸುತ್ತಿದ್ದೇನೆ.

ಜನವರಿ 16, ಗುರುವಾರ

ರಾಜೀವಿ ಬೀಜಾಡಿಗೆ, ಅವಳ ಅಕ್ಕನ ಮನೆಗೆ ಹೋದಳು. ಎರಡು ದಿನ ಇದ್ದು ಬರುವುದಿರಬೇಕು. ಬ್ಯಾಗು ಸ್ವಲ್ಪ ದೊಡ್ಡದಿತ್ತು. ಒಂದು ವಾರಕ್ಕಾಗುವಷ್ಟು ಸಾರು ಮಾಡಿ ಫ್ರಿಜ್ಜಿನಲ್ಲಿ ಇಟ್ಟಿದ್ದಾಳೆ. ಕಾವಲಿ ತೊಳೆದು, ಒರೆಸಿ, ಅಟ್ಟಕ್ಕೇರಿಸಿದ್ದಾಳೆ.

ನಾನು ಪೇಪರು ಓದುತ್ತಿದ್ದೆ. ಗೇಟಿನ ಹತ್ತಿರ ನಿಂತು ಹೇಳಿದಳು. "ಹ್ವಾಯ್, ಹೋತೆ."

ಹೂಂ ಎಂದೆ. ಬಸ್ಸು ಹೋದ ಮೇಲೆ ಗಮನಕ್ಕೆ ಬಂತು. ಸಹವಾಸ ದೋಷ ಅಂದರೆ ಇದೇ. ಅವನಿಗೆ ಕಲಿಸಲು ಹೋಗಿ ತನ್ನ ಕನ್ನಡವನ್ನೇ ಕೆಡಿಸಿಕೊಂಡಿದ್ದಾಳೆ. ಬಂದ ಮೇಲೆ ತಿದ್ದಬೇಕು.